ರೆಡ್ ಹೆರ್ರಿಂಗ್: ದಾರಿ ತಪ್ಪುವ ಸುಖ

ಪತ್ತೇದಾರಿ ಕಾದಂಬರಿಗಳ ಬಗ್ಗೆ ನಾಲ್ಕು ಜನ ಮಾತಿಗೆ ಕೂತರೆ ‘ರೆಡ್ ಹೆರ್ರಿಂಗ್’ ಎಂಬ ಮಾತು ಬಂದೇ ಬರುತ್ತದೆ. ಓದುಗರ ಅನುಮಾನವನ್ನು ನಿಜವಾದ ಅಪರಾಧಿಯಿಂದ ಬೇರೆಡೆಗೆ ಸೆಳೆಯುವ ಸುಳಿವಿಗೆ ಇಂಗ್ಲಿಷಿನಲ್ಲಿ ಹಾಗೆನ್ನುತ್ತಾರೆ. ಹೊಸ ಓದುಗರು ಅದನ್ನು ಮೋಸವೆಂದು ತಿಳಿದು ಬೇಸರಪಡುವುದುಂಟು. ನನಗೋ, ಕಾದಂಬರಿಯ ಗಟ್ಟಿತನ ಅಳೆಯಲು ಇದಕ್ಕಿಂತ ಒಳ್ಳೆಯ ಒರೆಗಲ್ಲಿಲ್ಲ.

ಹೆರ್ರಿಂಗ್ ಉತ್ತರ ಅಟ್ಲಾಂಟಿಕ್ ಕಡಲಿನ ಮೀನು. ನಮ್ಮ ಕರಾವಳಿಯ ಬೂತಾಯಿಯ ಕುಟುಂಬದ್ದೇ. ಹಸಿಮೀನು ಬೆಳ್ಳಿಬಣ್ಣದ್ದು. ಉಪ್ಪು ಹಾಕಿ ದಿನಗಟ್ಟಲೆ ಹೊಗೆಗೆ ಒಡ್ಡಿದರೆ ಕಂದುಗೆಂಪಾಗುತ್ತದೆ, ವಾಸನೆ ಘಾಟಾಗುತ್ತದೆ; ಅದೇ ರೆಡ್ ಹೆರ್ರಿಂಗ್, ಅಂದರೆ ಕೆಂಪು ಹೆರ್ರಿಂಗ್. ಇಂಗ್ಲೆಂಡಿನ ಗ್ರೇಟ್ ಯಾರ್ಮತ್ ಬಂದರು ಒಂದು ಕಾಲಕ್ಕೆ ಇದಕ್ಕೇ ಹೆಸರುವಾಸಿ. 1807ರಲ್ಲಿ ಪತ್ರಕರ್ತ ವಿಲಿಯಂ ಕಾಬೆಟ್ ತನ್ನ ‘ಪೊಲಿಟಿಕಲ್ ರಿಜಿಸ್ಟರ್’ ವಾರಪತ್ರಿಕೆಯಲ್ಲಿ ಒಂದು ಕಥೆ ಬರೆದ: ಹುಡುಗನಾಗಿದ್ದಾಗ ಮೊಲದ ಜಾಡು ಹಿಡಿದ ಬೇಟೆನಾಯಿಗಳನ್ನು ಈ ಮೀನಿನ ವಾಸನೆಯಿಂದ ದಾರಿ ತಪ್ಪಿಸಿದ್ದನಂತೆ. ನೆಪೋಲಿಯನ್ ಸೋತನೆಂಬ ಸುಳ್ಳುಸುದ್ದಿಯ ಹಿಂದೆ ಓಡಿ, ದೇಶದೊಳಗಿನ ಮುಖ್ಯ ವಿಷಯ ಮರೆತ ಪತ್ರಿಕೆಗಳಿಗೆ ಅದು ಚಾಟಿಯೇಟು. ನುಡಿಗಟ್ಟು ಇವತ್ತಿನ ಅರ್ಥದಲ್ಲಿ ಬೇರೂರಿದ್ದು ಈ ಕಥೆಯಿಂದ. ಬೇಟೆಗಾರರು ನಾಯಿಗಳನ್ನು ಪಳಗಿಸಲು ಹೀಗೆ ಮಾಡುತ್ತಿದ್ದರೆಂಬ ವಿವರಣೆ ಈಗಲೂ ಓಡಾಡುತ್ತದೆ, ಆದರೆ ಈ ನುಡಿಯ ಮೂಲ ಹುಡುಕಿದ ಸಂಶೋಧಕರು ಅದನ್ನು ಒಪ್ಪುವುದಿಲ್ಲ.

ಕಾದಂಬರಿಯಲ್ಲಿ ಇಂಥ ಸುಳಿವು ಹೇಗೆ ಕೆಲಸ ಮಾಡುತ್ತದೆಂದು ನೋಡಲು ಈಗ ಕಾನನ್ ಡಾಯ್ಲ್‌ನ ‘ದಿ ಹೌಂಡ್ ಆಫ್ ದಿ ಬಾಸ್ಕರ್‌ವಿಲ್ಸ್’ (1902) ಕೈಗೆತ್ತಿಕೊಳ್ಳಿ. ಕೊಲೆಗಾರ ಯಾರೆಂದು ಹೇಳುವುದಿಲ್ಲ, ಹೆದರಬೇಡಿ. ಬಟ್ಲರ್ ಬ್ಯಾರಿಮೋರ್‌ನನ್ನು ಮಾತ್ರ ನೋಡೋಣ. ಅವನಿಗೆ ಕಪ್ಪು ಗಡ್ಡ. ಲಂಡನ್ನಿನಲ್ಲಿ ಬಾಸ್ಕರ್‌ವಿಲ್ ಮನೆತನದ ವಾರಸುದಾರ ಸರ್ ಹೆನ್ರಿಯನ್ನು ಹಿಂಬಾಲಿಸಿದವನಿಗೂ ಕಪ್ಪು ಗಡ್ಡ. ಬ್ಯಾರಿಮೋರ್ ನಡುರಾತ್ರಿ ಮೇಣದಬತ್ತಿ ಹಿಡಿದು ಖಾಲಿ ಕೋಣೆಗೆ ಹೋಗುತ್ತಾನೆ, ಕಿಟಕಿಗೆ ಬೆಳಕು ಒಡ್ಡಿ ಕತ್ತಲನ್ನೇ ದಿಟ್ಟಿಸುತ್ತಾನೆ. ಅನುಮಾನ ಬಾರದಿದ್ದೀತೇ? ಕಾರಣ ತಿಳಿದಾಗ ಮನಸ್ಸು ಕಲಕುತ್ತದೆ. ಜೈಲಿನಿಂದ ತಪ್ಪಿಸಿಕೊಂಡು ಬಯಲಲ್ಲಿ ಅಡಗಿರುವ ಹೆಂಡತಿಯ ತಮ್ಮನಿಗೆ, ಊಟ ಸಿದ್ಧವಿದೆ ಎಂದು ತೋರಿಸುವ ಬೆಳಕು ಅದು.

ಡಾಯ್ಲ್ ಅಷ್ಟಕ್ಕೇ ಬಿಡುವುದಿಲ್ಲ. ಬ್ಯಾರಿಮೋರ್ ಆ ಭಾವಮೈದುನನಿಗೆ ಸರ್ ಹೆನ್ರಿಯ ಹಳೆಯ ಬಟ್ಟೆ ಕೊಟ್ಟಿರುತ್ತಾನೆ. ಸರ್ ಹೆನ್ರಿಯ ಬೆನ್ನಟ್ಟಲು ಬಿಟ್ಟ ಬೇಟೆನಾಯಿ ಆ ಬಟ್ಟೆಯ ವಾಸನೆ ಹಿಡಿದು ತಪ್ಪು ಮನುಷ್ಯನ ಬೆನ್ನು ಹತ್ತುತ್ತದೆ, ಅವನು ಸಾಯುತ್ತಾನೆ. ಕಾಬೆಟ್‌ನ ಮೀನು ಮಾಡಿದ ಕೆಲಸವನ್ನೇ ಇಲ್ಲಿ ಒಂದು ಕೋಟು ಮಾಡುತ್ತದೆ! ಓದುಗರನ್ನು ದಾರಿ ತಪ್ಪಿಸಿದ ಎಳೆಯೇ ಕಥೆಯ ನಡುವಿನ ದುರಂತವಾಗುತ್ತದೆ. ಇಂಥ ನೇಯ್ಗೆ ಕಂಡಾಗ ನಾನು ಪುಸ್ತಕ ಮಡಚಿಟ್ಟು ಕೈಮುಗಿದದ್ದುಂಟು.

ಆದ್ದರಿಂದ ಮೊದಲ ಓದಿನಲ್ಲಿ ಜಾಣತನ ತೋರಿಸಲು ಹೋಗಬೇಡಿ, ನಿಶ್ಚಿಂತೆಯಿಂದ ದಾರಿ ತಪ್ಪಿ. ಎರಡನೆಯ ಓದಿನಲ್ಲಿ ಅನುಮಾನಕ್ಕೆ ಸಿಕ್ಕವನ ಬದುಕನ್ನು ಗಮನಿಸಿ: ಅವನು ಮುಚ್ಚಿಟ್ಟದ್ದಕ್ಕೆ ಅವನದೇ ಕಾರಣವಿತ್ತೇ? ಬರೀ ಓದುಗರನ್ನು ಏಮಾರಿಸಲು ಇಟ್ಟು, ಆಮೇಲೆ ಲೇಖಕರೇ ಮರೆತುಬಿಟ್ಟ ಸುಳಿವು ಕಳಪೆ ಸುಳಿವು. ಇಷ್ಟು ಪಳಗಿದ ಮೇಲೆ ಡೊರೋತಿ ಸೇಯರ್ಸ್ 1931ರಲ್ಲಿ ಬರೆದ ‘ಫೈವ್ ರೆಡ್ ಹೆರ್ರಿಂಗ್ಸ್’ಗೆ ಹೋಗಿ. ಅಲ್ಲಿ ಅನುಮಾನಕ್ಕೆ ಸಿಗುವವರು ಆರು ಮಂದಿ ಚಿತ್ರಕಾರರು, ಹೆಸರೇ ಹೇಳುವಂತೆ ಅವರಲ್ಲಿ ಐವರು ನಿರಪರಾಧಿಗಳು. ರೈಲಿನ ವೇಳಾಪಟ್ಟಿಗಳ ಲೆಕ್ಕಾಚಾರ ವಿಪರೀತ. ಒಂದು ಹಾಳೆ, ಪೆನ್ಸಿಲ್ ಪಕ್ಕದಲ್ಲಿರಲಿ.