ನಡುಕ ನಿಂತರೆ ಚಳಿ ಹೋಯಿತೇ?

ಚೆನ್ನೈನ ಕಡುಬೇಸಗೆಯ ಕತ್ತಿರಿ ಬಿಸಿಲಿನ ದಿನಗಳಲ್ಲಿ ತ್ರಿಪ್ಲಿಕೇನಿನ ಗೋಷಾ ಆಸ್ಪತ್ರೆಯ ಮುಂದೆ ಬೆವರೊರೆಸಿಕೊಳ್ಳುತ್ತ ಕಾಯುವವರಿಗೆ, ಆಪರೇಷನ್ ಮುಗಿದ ರೋಗಿ ಚಳಿಗೆ ಹಲ್ಲು ಕಟಕಟಿಸಬಹುದು ಎಂದರೆ ನಂಬಿಕೆ ಬಾರದು. ಯಾವ ಆಸ್ಪತ್ರೆಯಾದರೂ ಬಂಧುಗಳ ತೀರ್ಪು ಒಂದೇ: ಎ.ಸಿ. ಜಾಸ್ತಿ. ವೈದ್ಯರದು ಇನ್ನೂ ಚುಟುಕು: ಕಂಬಳಿ ಹೊದಿಸಿ, ಟ್ರಮಡಾಲ್ ಇಂಜೆಕ್ಷನ್ ಕೊಡಿ. ನನ್ನ ತಕರಾರು ಎರಡರ ಮೇಲೂ ಇದೆ. ಎರಡನೆಯದರ ಮೇಲೆ ಹೆಚ್ಚು.

ಎ.ಸಿ.ಯ ಪಾಲಿಲ್ಲ ಎನ್ನುತ್ತಿಲ್ಲ. ಆದರೆ ಪೂರ್ಣ ಅರಿವಳಿಕೆಯ ಮೊದಲ ಗಂಟೆಯಲ್ಲಿ ಒಳಮೈ 1ರಿಂದ 1.5 ಡಿಗ್ರಿ ತಣ್ಣಗಾಗುವುದಕ್ಕೆ ಮುಖ್ಯ ಕಾರಣ ಮೈಯೊಳಗೇ ಇದೆ. ರಕ್ತನಾಳಗಳು ಹಿಗ್ಗಿ, ಎದೆ-ಹೊಟ್ಟೆಯ ಶಾಖ ಕೈಕಾಲಿಗೆ ಹರಿದುಬಿಡುತ್ತದೆ. ಮದ್ದಿನ ಮಂಪರಿನಲ್ಲಿ ಮೆದುಳು ಅದನ್ನು ಸಹಿಸಿಕೊಂಡಿರುತ್ತದೆ. ಎಚ್ಚರವಾದ ಮೇಲೆ ನಡುಗಿಸುತ್ತದೆ. ಥಿಯೇಟರಿನಲ್ಲಿ ಮಾಡಿದ ಸಾಲ ರಿಕವರಿ ವಾರ್ಡಿನ ಲೆಕ್ಕಕ್ಕೆ ಬೀಳುವುದು ಹೀಗೆ.

ಆದ್ದರಿಂದ ತಡೆಯಬೇಕಾದ ಹೊತ್ತು ಅರಿವಳಿಕೆಗೆ ಮುಂಚಿನ ಅರ್ಧ ಗಂಟೆ. ಬಿಸಿಗಾಳಿಯ ಹೊದಿಕೆ ಹಾಕಿ ಕೈಕಾಲನ್ನು ಮೊದಲೇ ಬೆಚ್ಚಗಾಗಿಸಿದರೆ ಒಳಗಿನ ಶಾಖ ಅತ್ತ ಅಷ್ಟಾಗಿ ಹರಿಯದು. ಬ್ರಿಟನ್ನಿನ ಚಿಕಿತ್ಸಾ ಮಾರ್ಗಸೂಚಿ ಸಂಸ್ಥೆ ನೈಸ್ 2008ರಲ್ಲೇ ಹೇಳಿತ್ತು: ತುರ್ತಿಲ್ಲದಿದ್ದರೆ 36 ಡಿಗ್ರಿಗಿಂತ ಕೆಳಗಿರುವವರಿಗೆ ಅರಿವಳಿಕೆ ಶುರುಮಾಡಬೇಡಿ, ಅರ್ಧ ಲೀಟರ್ ಅಥವಾ ಅದಕ್ಕೆ ಮೀರಿದ ಡ್ರಿಪ್ ಬೆಚ್ಚಗಿರಲಿ. ಕೋಣೆಯಷ್ಟೇ ತಣ್ಣಗಿರುವ ಒಂದು ಲೀಟರ್ ಡ್ರಿಪ್ ದೊಡ್ಡವರ ಮೈಬಿಸಿಯನ್ನು ಕಾಲು ಡಿಗ್ರಿ ಇಳಿಸಬಲ್ಲದು. ಕಂಬಳಿಯ ಮಾತೋ, ಒಂದು ಪದರ ಚರ್ಮದ ಶಾಖನಷ್ಟವನ್ನು ಸುಮಾರು ಶೇ 30 ತಗ್ಗಿಸುತ್ತದೆ. ಅದರ ಮೇಲೆ ಇನ್ನೆರಡು ಹೇರಿದರೆ ರೋಗಿಗಿಂತ ಬಂಧುಗಳಿಗೇ ಸಮಾಧಾನ.

ಇಂಜೆಕ್ಷನ್ ಕೆಲಸ ಮಾಡುತ್ತದಲ್ಲ ಎನ್ನುವವರಿದ್ದಾರೆ. ಮಾಡುತ್ತದೆ, ಒಪ್ಪಿದೆ. 25 ಮಿಲಿಗ್ರಾಂ ಪೆಥಿಡಿನ್ ನಿಮಿಷಗಳಲ್ಲಿ ನಡುಕ ನಿಲ್ಲಿಸುತ್ತದೆ. 2018ರವರೆಗೆ ಮಾದಕವಸ್ತು ಕಾನೂನಿನ ಕಟ್ಟುಪಾಡಿನಿಂದ ಹೊರಗಿದ್ದ ಟ್ರಮಡಾಲೇ ನಮ್ಮಲ್ಲಿ ಹೆಚ್ಚು, ಜೊತೆಗೆ ಓಕರಿಕೆ. ಆದರೆ ಔಷಧ ಮುಚ್ಚುವುದು ನಡುಕವನ್ನು. ಮೈ 35 ಡಿಗ್ರಿಯಲ್ಲೇ ಉಳಿದಿರಬಹುದು.

ಮೈ ಬೆಚ್ಚಗಿಡಿ ಎನ್ನುವ ನನ್ನ ಪಕ್ಷದವರನ್ನೂ ಬಿಡುವಂತಿಲ್ಲ. 1997ರ ಅಧ್ಯಯನವೊಂದನ್ನು ಹಿಡಿದು ಚಳಿ ಹೃದಯಕ್ಕೆ ಅಪಾಯ ಎಂದು ಹೆದರಿಸುತ್ತ ಬಂದರು. 2022ರಲ್ಲಿ ಲ್ಯಾನ್ಸೆಟ್ ಪ್ರಕಟಿಸಿದ ಪ್ರೊಟೆಕ್ಟ್ ಪರೀಕ್ಷೆ, 5,000ಕ್ಕೂ ಹೆಚ್ಚು ರೋಗಿಗಳಲ್ಲಿ, 35.5 ಡಿಗ್ರಿಗೂ 37ಕ್ಕೂ ಹೃದಯದ ಮಟ್ಟಿಗೆ ಅಂತರ ಕಾಣಲಿಲ್ಲ. ಆ ಹೆದರಿಕೆ ಸಾಕು. ಆದರೆ ಅಲ್ಲಿ ಎರಡೂ ಗುಂಪಿನ ಉಷ್ಣತೆಯನ್ನು ಅಳೆದು, ಹಿಡಿದಿಟ್ಟಿದ್ದರು. ಅಳೆಯದೆ ಬಿಟ್ಟವರು ಆ ಪರೀಕ್ಷೆಯನ್ನು ಸಮರ್ಥನೆಗೆ ತರಬಾರದು.

ಅಳೆಯಲೇಬೇಕಾದವರು ನಡುಗದವರು. ವಯಸ್ಸಾದಂತೆ ನಡುಗುವ ಶಕ್ತಿಯೇ ಕುಗ್ಗುತ್ತದೆ. ಪಕ್ಕದ ಹಾಸಿಗೆಯ ಯುವಕ ಮಂಚ ಅಲುಗುವಂತೆ ನಡುಗಿ ಇಂಜೆಕ್ಷನ್ ಪಡೆಯುವಾಗ, ಅವನಿಗಿಂತ ತಣ್ಣಗಿರುವ ಎಪ್ಪತ್ತರ ಅಜ್ಜಿಯ ಚಾರ್ಟಿನಲ್ಲಿ "ನಡುಕ: ಇಲ್ಲ" ಎಂದಷ್ಟೇ ದಾಖಲಾಗುತ್ತದೆ.