ಪ್ರೋಸೆಸ್ಸನ್ನು ಎಬ್ಬಿಸಿದ್ದು ಯಾವ ಸಂಕೇತ?

ಯಂತ್ರಾಂಶವನ್ನು ವಿವರಿಸುವ ವಿಎಚ್‌ಡಿಎಲ್ ಭಾಷೆ 1987ರಲ್ಲಿ ಐಇಇಇ ಮಾನಕವಾಯಿತು. ಇದರಲ್ಲಿ ಸಂವೇದನಾ ಪಟ್ಟಿಯ ಯಾವ ಸಂಕೇತ ಬದಲಾದರೂ ಪ್ರೋಸೆಸ್ ಓಡುತ್ತದೆ. ಎಬ್ಬಿಸಿದ್ದು ಯಾವುದೆಂದು ತಿಳಿಯಲು ಪ್ರತಿ ಸಂಕೇತದ 'ಇವೆಂಟ್' ಗುಣವನ್ನು ಪರೀಕ್ಷಿಸಬೇಕು. ವಿದ್ಯಾರ್ಥಿಗಳು ಇದನ್ನು ಇಫ್-ಎಲ್ಸಿಫ್ ಸರಣಿಯಾಗಿ ಬರೆಯುವುದುಂಟು. ದೋಷವಿರುವುದು ಇಲ್ಲೇ. ಎ, ಬಿ ಎರಡೂ ಒಂದೇ ಡೆಲ್ಟಾ ಆವರ್ತದಲ್ಲಿ ಬದಲಾದರೆ ಪ್ರೋಸೆಸ್ ಓಡುವುದು ಒಮ್ಮೆ ಮಾತ್ರ. ಸರಣಿಯು ಎ ಹೆಸರನ್ನಷ್ಟೇ ಹೇಳಿ ಬಿಯನ್ನು ಮರೆಮಾಡುತ್ತದೆ. ಪ್ರತ್ಯೇಕ ಇಫ್‌ಗಳಾದರೆ ಎರಡನ್ನೂ ಹಿಡಿಯುತ್ತವೆ.

ಆದರೆ ಅನುಕರಣೆಯಲ್ಲಿ ಸರಿಹೋದದ್ದು ಮಂಡಲವಾಗಲಾರದು. ಗೇಟಿಗೆ ಸಂಕೇತದ ಈಗಿನ ಮಟ್ಟವಷ್ಟೇ ಗೊತ್ತು, ಹಿಂದಿನದರ ನೆನಪಿಲ್ಲ. ಹಿಂದಿನ ಬೆಲೆಯನ್ನು ರಿಜಿಸ್ಟರಿನಲ್ಲಿಟ್ಟು, ಕ್ಲಾಕಿನ ಪ್ರತಿ ಏರಿಕೆಯಲ್ಲಿ ಹೊಸದರೊಡನೆ ಹೋಲಿಸಬೇಕು. ಅಲೆಚಿತ್ರ ಹೊಂದಿದೊಡನೆ ಅಂಕ ಕೊಡುವ ಪ್ರಯೋಗಶಾಲೆ ಈ ಭೇದವನ್ನು ಕಲಿಸುವುದಿಲ್ಲ. 'ಇದಕ್ಕೆ ಮಂಡಲ ಬರೆಯಿರಿ' ಎಂಬ ಒಂದೇ ಪ್ರಶ್ನೆ ಕಲಿಸುತ್ತದೆ.