ಜನ್ಯರಾಶಿಗಳಲ್ಲಿ ಲಕ್ಷಣರಕ್ಷಣೆ

ಅಂಕೆಯು ತಾನಾಗಿ ಮಾತನಾಡದು. ೩೦೦ ಎಂಬುದು ಕೆಲ್ವಿನ್ ಮಾನದ ಉಷ್ಣತೆಯೋ, ಮಿಲಿಮೀಟರುಗಳ ಮಳೆಯೋ, ದಿನಗಳ ಎಣಿಕೆಯೋ ಎಂಬುದು ಅದರೊಡನೆ ಬರೆದಿರುವ ಲಕ್ಷಣಗಳಿಂದಲೇ ತಿಳಿಯತಕ್ಕುದು. ಓಲೆಯ ಪ್ರತಿಗೆ ಪುಷ್ಪಿಕೆಯು ಹೇಗೋ ದತ್ತಾಂಶಕ್ಕೆ ಈ ಲಕ್ಷಣಪತ್ರವು ಹಾಗೆ. ಇದನ್ನೇ ಆಧುನಿಕರು ಮೆಟಾಡೇಟಾ ಎನ್ನುವರು. ಹವಾಮಾನಶಾಸ್ತ್ರದ ನೆಟ್‌ಸಿಡಿಎಫ್ ಕಡತಗಳು ಅಂಕೆಯನ್ನೂ ಲಕ್ಷಣವನ್ನೂ ಒಂದೇ ಕಟ್ಟಿನಲ್ಲಿಡುವುವು. ಲಕ್ಷಣಗಳನ್ನು ಬರೆಯುವ ಬಗೆಯನ್ನು ಸಿ.ಎಫ್. ನಿಯಮಾವಳಿಯು ೨೦೦೩ರಿಂದ ವಿಧಿಸುತ್ತ ಬಂದಿದೆ. ಮೂಲರಾಶಿಗಳ ಮಟ್ಟಿಗೆ ಈ ವ್ಯವಸ್ಥೆಯು ಶ್ಲಾಘ್ಯವೇ ಸರಿ. ಮೂಲದಿಂದ ಮತ್ತೊಂದು ರಾಶಿಯನ್ನು ಗಣಿಸಿ ಪಡೆದಾಗ ಹಳೆಯ ಲಕ್ಷಣಗಳ ಗತಿಯೇನು ಎಂಬಲ್ಲಿ ಮಾತ್ರ ವಿಚಾರವು ಹುಟ್ಟುವುದು.

ಇಲ್ಲಿ ಎರಡು ಪಕ್ಷಗಳುಂಟು. ಲಕ್ಷಣಗಳನ್ನೆಲ್ಲ ಬಿಟ್ಟುಬಿಡಬೇಕೆಂಬುದು ಒಂದು. ಸುಳ್ಳಿಗಿಂತ ಮೌನವು ಮೇಲೆಂಬುದು ಅವರ ಹೇತು. ೨೦೧೪ರಲ್ಲಿ ಪ್ರಕಟವಾದ ಎಕ್ಸ್‌ಅರೇ ಎಂಬ ಗಣನೋಪಕರಣವು ಕೂಡುವ ಕಳೆಯುವ ಕ್ರಿಯೆಗಳಲ್ಲಿ ಬಹುಕಾಲ ಈ ಪಕ್ಷವನ್ನೇ ಹಿಡಿದಿದ್ದಿತು. ಎಲ್ಲವನ್ನೂ ಉಳಿಸಿಕೊಳ್ಳಬೇಕೆಂಬುದು ಇನ್ನೊಂದು. ಇತಿಹಾಸವು ನಷ್ಟವಾದರೆ ರಾಶಿಯು ಅನಾಥವಾಗುವುದೆಂಬುದು ಇವರ ಹೇತು. ಎರಡೂ ಸಾಲವು. ಮೊದಲನೆಯದರಂತೆ ಪಂಚಾಂಗದ ಲಕ್ಷಣವು ಅಳಿದರೆ, ೩೬೦ ದಿನಗಳ ವರ್ಷವುಳ್ಳ ಗಣಿತಪ್ರತಿಮೆಯ ಫೆಬ್ರವರಿ ೩೦ನೆಯ ತಾರೀಖಿಗೆ ಅರ್ಥವೇ ಇಲ್ಲವಾಗುವುದು. ಎರಡನೆಯದರಂತೆ ನಡೆದರೆ, ೨೭೩.೧೫ನ್ನು ಕಳೆದು ಸೆಲ್ಸಿಯಸ್ಸಿಗೆ ತಂದ ೨೭ರ ಮೇಲೆ ‘ಕೆಲ್ವಿನ್’ ಎಂಬ ಹಳೆಯ ಪಟ್ಟಿಯೇ ನಿಲ್ಲುವುದು. ಒಂದು ಪಕ್ಷವು ಓದುಗನನ್ನು ಕತ್ತಲಲ್ಲಿ ಬಿಡುವುದು. ಇನ್ನೊಂದು ತಪ್ಪುದಾರಿಗೆ ಕೈಹಿಡಿದು ನಡೆಸುವುದು.

ಈ ತೊಡಕನ್ನು ಪಾಣಿನಿಯು ಶಬ್ದಶಾಸ್ತ್ರದಲ್ಲಿ ಎಂದೋ ಬಿಡಿಸಿರುವನು. ಅಷ್ಟಾಧ್ಯಾಯಿಯ ೧-೧-೫೬ನೆಯ ಸೂತ್ರದಂತೆ ಆದೇಶವು ಸ್ಥಾನಿಯ ಧರ್ಮವನ್ನು ಪಡೆಯುವುದು, ಆದರೆ ವರ್ಣವನ್ನೇ ಆಶ್ರಯಿಸಿದ ವಿಧಿಗಳಲ್ಲಿ ಪಡೆಯದು. ಕ್ತ್ವಾ ಪ್ರತ್ಯಯದ ಸ್ಥಾನದಲ್ಲಿ ಬಂದ ಲ್ಯಪ್ ಕೃತ್ ಎಂಬ ಹೆಸರನ್ನು ಉಳಿಸಿಕೊಳ್ಳುವುದು. ದಿವ್ ಶಬ್ದದ ವಕಾರಕ್ಕೆ ಬಂದ ಔಕಾರವಾದರೋ ವ್ಯಂಜನವೆನಿಸದು, ಅದರಿಂದಲೇ ‘ದ್ಯೌಃ’ ಎಂಬಲ್ಲಿ ವಿಸರ್ಗವು ಉಳಿದಿದೆ. ಜನ್ಯರಾಶಿಗೂ ಇದೇ ನ್ಯಾಯವು ಸಲ್ಲತಕ್ಕುದು. ಅಂಕೆಯ ಬೆಲೆಯನ್ನು ಆಶ್ರಯಿಸದ ಸ್ಥಳ, ಪಂಚಾಂಗ, ಮೂಲದ ಹೆಸರು ಇವು ಅನುವರ್ತಿಸಲಿ; ಬೆಲೆಯನ್ನು ಆಶ್ರಯಿಸಿದ ಮಾನ, ಸಂಜ್ಞೆ, ಬೆಲೆಯ ಮೇರೆ, ಅಂಕಜಾತಿ ಇವು ಹೊಸದಾಗಿ ವಿಧಿಸಲ್ಪಡಲಿ.

ಸೂಕ್ಷ್ಮವಾದ ಉದಾಹರಣೆಯೊಂದುಂಟು. ದಿನದ ಗರಿಷ್ಠ ಉಷ್ಣತೆಯಿಂದ ಕನಿಷ್ಠವನ್ನು ಕಳೆದರೆ ೧೦ ಕೆಲ್ವಿನ್ ಬಂದಿತೆನ್ನೋಣ. ಮಾನದ ಹೆಸರು ಬದಲಾಗಲಿಲ್ಲ, ಅರ್ಥವು ಬದಲಾಯಿತು. ಇದು ಉಷ್ಣತೆಯಲ್ಲ, ಉಷ್ಣತೆಗಳ ಅಂತರ. ಇದನ್ನರಿಯದೆ ಸೆಲ್ಸಿಯಸ್ಸಿಗೆ ತಿರುಗಿಸುವ ಯಂತ್ರವು −೨೬೩.೧೫ ಎಂದು ಉತ್ತರಿಸುವುದು. ಈ ಭೇದವನ್ನು ಬರೆದಿಡುವ ಲಕ್ಷಣವು ನಿಯಮಾವಳಿಗೆ ಸೇರಿದುದು ೨೦೨೩ರ ೧.೧೧ನೆಯ ಆವೃತ್ತಿಯಲ್ಲಿ, ಅಂದರೆ ಇಪ್ಪತ್ತು ವರ್ಷಗಳ ಮೇಲೆ.

ಅಂಕಜಾತಿಯ ವಿಷಯವೂ ಉಪೇಕ್ಷಣೀಯವಲ್ಲ. ೩೨ ಬಿಟ್ಟುಗಳ ದಶಮಾಂಶಜಾತಿಯಲ್ಲಿ ೧,೬೭,೭೭,೨೧೬ಕ್ಕೆ ಒಂದನ್ನು ಕೂಡಿದರೆ ಮೊತ್ತವು ಅಷ್ಟೇ ಇರುವುದು. ಸಣ್ಣ ಸಣ್ಣ ಮಳೆಗಳನ್ನು ದೀರ್ಘಕಾಲ ಕೂಡಿಸುವವನು ಇದನ್ನು ಮರೆಯಲಾಗದು. ಹಿಮಪಾತದ ದಿನಗಳನ್ನು ಎಣಿಸಿ ‘ದಿನ’ ಎಂಬ ಮಾನವನ್ನು ಬರೆದರೆ, ಎಕ್ಸ್‌ಅರೇ ಕಡತವನ್ನು ಮರಳಿ ಓದುವಾಗ ಆ ಎಣಿಕೆಯನ್ನು ಕಾಲಾವಧಿಯೆಂಬ ಜಾತಿಗೆ ತಾನಾಗಿಯೇ ತಿರುಗಿಸುವ ರೂಢಿಯನ್ನು ಬಹುಕಾಲ ಇಟ್ಟುಕೊಂಡಿದ್ದಿತು. ಇಲ್ಲಿ ಲಕ್ಷಣವು ಸತ್ಯ, ಜಾತಿಯು ಮಿಥ್ಯ.

ಇನ್ನು ಗುಣದೋಷಗಳ ನಿರ್ಣಯ. ನಿಯಮಾವಳಿಯು ಉತ್ತಮ ಲಕ್ಷಣಗ್ರಂಥ. ಆದರೆ ಅದರಲ್ಲಿ ಪ್ರಕ್ರಿಯಾಭಾಗವು ವಿರಳ. ಗರಿಷ್ಠಗಳ ಸರಾಸರಿಯೇ ಬೇರೆ, ಸರಾಸರಿಗಳ ಗರಿಷ್ಠವೇ ಬೇರೆ ಎಂಬುದನ್ನು ಅರಿತು, ನಡೆದ ಕ್ರಿಯೆಗಳನ್ನು ಕ್ರಮವಾಗಿ ಬರೆಯಬೇಕೆಂದು ಅದು ವಿಧಿಸಿರುವುದು ಪ್ರಶಂಸನೀಯ. ಉಳಿದ ಲಕ್ಷಣಗಳಲ್ಲಿ ಯಾವುದು ಅನುವರ್ತಿಸುವುದು, ಯಾವುದು ನಿವರ್ತಿಸುವುದು ಎಂಬ ವಿವೇಕವನ್ನು ಅದು ಬಹುಮಟ್ಟಿಗೆ ಪ್ರಯೋಕ್ತೃವಿಗೇ ಬಿಟ್ಟಿದೆ. ಮಾಂಟ್ರಿಯಲ್ ನಗರದ ಊರಾನೋಸ್ ಸಂಸ್ಥೆಯಲ್ಲಿ ಹುಟ್ಟಿದ ಎಕ್ಸ್‌ಕ್ಲಿಮ್ ಈ ಕೊರತೆಯನ್ನು ಬಹಳಷ್ಟು ತುಂಬಿರುವುದು: ಅದು ಮೊದಲು ಮಾನವನ್ನು ಪರೀಕ್ಷಿಸಿ, ಬಳಿಕ ಗಣಿಸಿ, ಹೊಸ ರಾಶಿಗೆ ಹೊಸ ಸಂಜ್ಞೆಯನ್ನೂ ಕ್ರಿಯೆಯ ಇತಿಹಾಸವನ್ನೂ ಬರೆಯುವುದು.

ಪ್ರತಿಮೆಗಳು ಮಳೆಯನ್ನು ಪ್ರತಿ ಸೆಕೆಂಡಿನ ಲೆಕ್ಕದಲ್ಲಿ ಕೊಡುವುವು. ದಿನದ ಮಳೆಗೆ ಅದನ್ನು ೮೬,೪೦೦ರಿಂದ ಗುಣಿಸಬೇಕು. ಗುಣಿಸಿದ ಮೇಲೂ ಹಳೆಯ ಮಾನವೇ ನಿಂತಿದ್ದರೆ ಮುಂದಿನವನು ಮತ್ತೊಮ್ಮೆ ಗುಣಿಸುವನು. ಅವನ ಗಣಿತದಲ್ಲಿ ದೋಷವಿರದು. ದೋಷವೆಲ್ಲ ಪಟ್ಟಿಯನ್ನು ತಿದ್ದದೆ ಬಿಟ್ಟವನದು. ಅಣೆಕಟ್ಟಿನ ಲೆಕ್ಕವೂ ಬೆಳೆಯ ಲೆಕ್ಕವೂ ಇಂತಹ ಅಂಕೆಗಳನ್ನು ನಂಬಿ ನಡೆಯುವುದರಿಂದ, ಲಕ್ಷಣರಕ್ಷಣೆಯು ಗಣನೆಯ ಹೊರಗಣ ಅಲಂಕಾರವಲ್ಲ, ಗಣನೆಯ ಅಂಗವೇ ಎಂದು ತಿಳಿಯತಕ್ಕುದು.